ಹಿತ್ತಲ ಕೋಳಿ: ಚಪ್ಪಲಿ ಹೊರಗೆ, ಮೊಟ್ಟೆ ಒಳಗೆ

ಜಾತ್ರೆಗೆ ಊರಿಗೆ ಹೋದವರು ಗೋವಾಕ್ಕೆ ವಾಪಸ್ ಬರುವಾಗ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಜೊತೆ ಒಂದೆರಡು ಕೋಳಿಯನ್ನೂ ಬುಟ್ಟಿಗೆ ಹಾಕಿಕೊಂಡು ಬರುವುದು ನಮ್ಮ ಮಂದಿಯಲ್ಲಿ ಮಾಮೂಲು. ನಾನೂ ಒಮ್ಮೆ ಹಾಗೇ ಎರಡು ತಂದೆ. ಡಿಚೋಲಿಯ ನಮ್ಮ ಹಿತ್ತಲಲ್ಲಿ ಆಗ 18 ಹೇಂಟೆ, ದಿನಕ್ಕೆ ಹತ್ತು ಹನ್ನೊಂದು ಮೊಟ್ಟೆ. ಹೊಸ ಎರಡನ್ನೂ ಅವತ್ತೇ ರಾತ್ರಿ ಅದೇ ಗೂಡಿಗೆ ಬಿಟ್ಟೆ.

ನಾಲ್ಕನೇ ದಿನ ಗೂಡಿನ ತುಂಬ ಸೀನು. ವಾರದೊಳಗೆ ಮೊಟ್ಟೆ ಮೂರಕ್ಕೆ ಇಳಿಯಿತು. ಸಿಕ್ಕ ಮೂರರ ಸಿಪ್ಪೆಯೂ ಸುಕ್ಕು ಸುಕ್ಕು. ಬಾಣಲೆಗೆ ಒಡೆದರೆ ಬಿಳಿ ಭಾಗ ನೀರಿನ ಹಾಗೆ ಹರಿದುಹೋಯಿತು. ಪಶುವೈದ್ಯರು ‘ಬ್ರಾಂಕೈಟಿಸ್ ಇರಬೇಕು’ ಎಂದರು, ಅಂದರೆ ಕೋಳಿಗಳ ಉಸಿರಾಟದ ಅಂಟುರೋಗ. ಇದರ ವೈರಸ್ ಗಂಟಲಲ್ಲೇ ನಿಲ್ಲುವುದಿಲ್ಲ, ಮೊಟ್ಟೆ ತಯಾರಾಗುವ ನಾಳಕ್ಕೂ ಇಳಿಯುತ್ತದೆ. ಸೀನು ನಿಂತರೂ ಮೊಟ್ಟೆ ಮೊದಲಿನ ಲೆಕ್ಕಕ್ಕೆ ಬರುತ್ತದೆ ಅನ್ನೋ ಖಾತ್ರಿಯಿಲ್ಲ. ಎಷ್ಟು ಕಾಳು ಸುರಿದರೂ ಅಷ್ಟೇ.

ನಿಮಗೆ ಈ ಪಾಡು ಬೇಡ ಅಂದರೆ ಮೊದಲು, ಹೊಸದನ್ನು ದೂರ ಇಡಿ. ಎಲ್ಲಿಂದಲೇ ತನ್ನಿ, ಸ್ವಂತ ಸೋದರಮಾವನ ಮನೆಯದ್ದೇ ಇರಲಿ, ಹೊಸ ಕೋಳಿ 30 ದಿನ ಬೇರೆ ಕಡೆ ಇರಬೇಕು. ನೀರಿನ ಬಟ್ಟಲೂ ಬೇರೆ. ಹಳೆಯ ಕೋಳಿಗಳ ಕೆಲಸ ಮುಗಿಸಿ ಆಮೇಲೆ ಹೊಸದರ ಹತ್ತಿರ ಹೋಗಿ. ಉಲ್ಟಾ ಮಾಡಿದರೆ ರೋಗವನ್ನು ನಾವೇ ಹೊತ್ತು ತಂದ ಹಾಗೆ.

ಆಮೇಲೆ ಚಪ್ಪಲಿ. ನನ್ನ ಕೇಳಿದರೆ ಅರ್ಧ ಕೆಲಸ ಇಲ್ಲೇ ಇದೆ. ಪೇಟೆಯಲ್ಲಿ, ಚಿಕನ್ ಅಂಗಡಿ ಮುಂದೆ ತುಳಿದದ್ದೆಲ್ಲ ಅಟ್ಟೆಗೆ ಅಂಟಿ ಮನೆಗೆ ಬರುತ್ತದೆ. ಬಹಳ ಜನ ಗೂಡಿನ ಬಾಗಿಲಲ್ಲಿ ಫಿನೈಲ್ ನೀರಿನ ಟಬ್ ಇಡುತ್ತಾರೆ, ವಾರಗಟ್ಟಲೆ ಬದಲಿಸುವುದಿಲ್ಲ. ಅಟ್ಟೆಯಲ್ಲಿ ಹಿಕ್ಕೆ ಮೆತ್ತಿದ್ದರೆ ಆ ಔಷಧಿ ಕೆಲಸ ಮಾಡುವುದಿಲ್ಲ. ಬ್ರಷ್‌ನಿಂದ ಉಜ್ಜಿ ತೊಳೆದ ಮೇಲೆ ಅದ್ದಬೇಕು, ನೀರು ದಿನಾ ಬದಲಿಸಬೇಕು. ಗೋವಾದ ಮಳೆಗೆ ಟಬ್ ಹೊರಗಿಟ್ಟರೆ ಒಂದು ಗಂಟೆಯಲ್ಲಿ ಅದು ಬರೀ ಮಳೆನೀರು! ಅದಕ್ಕಿಂತ ಸುಲಭದ್ದು, ಗೂಡಿಗೆ ಅಂತಲೇ ಒಂದು ಜೊತೆ ರಬ್ಬರ್ ಚಪ್ಪಲಿ. ನಮ್ಮಲ್ಲಿ ಅದು ಒಳಗಿನ ಮೊಳೆಗೇ ನೇತಾಡುತ್ತದೆ, ಹೊರಗೆ ಬರುವುದೇ ಇಲ್ಲ. ಮೊಟ್ಟೆ ಕೊಳ್ಳಲು ಬಂದವರೂ ಗೇಟಿನ ಹತ್ತಿರವೇ ನಿಲ್ಲಬೇಕು. ಅವರು ತಂದ ಹಳೇ ರಟ್ಟಿನ ಟ್ರೇ ಒಳಗೆ ಬೇಡ. ಅದು ಎಷ್ಟು ಫಾರ್ಮ್ ಸುತ್ತಿದೆಯೋ ಯಾರಿಗೆ ಗೊತ್ತು?

ನೀರು, ಕಾಳು. ನೀರಿನ ಪಾತ್ರೆ ಕೋಳಿಯ ಬೆನ್ನಿನ ಮಟ್ಟಕ್ಕೆ ಇರಲಿ, ಹಿಕ್ಕೆ ಬೀಳುವುದು ಕಡಿಮೆಯಾಗುತ್ತದೆ. ಚೆಲ್ಲಿದ ಕಾಳು ಸಂಜೆಯೇ ಗುಡಿಸಿ, ಇಲ್ಲದಿದ್ದರೆ ಇಲಿ, ಕಾಗೆಗಳಿಗೆ ಊಟ ಹಾಕಿದಂತೆ. ಅಂಗಡಿ ಚಿಕನ್ ತೊಳೆದ ನೀರನ್ನು ಹಿತ್ತಲಿಗೆ ಎರಚುವ ಅಭ್ಯಾಸವಿದ್ದರೆ ಇವತ್ತೇ ಬಿಡಿ.

ಲಸಿಕೆ. ಎಷ್ಟೇ ಸ್ವಚ್ಛ ಇಟ್ಟರೂ ರಾಣಿಖೇತ್, ಅಂದರೆ ಕೊಕ್ಕರೆ ರೋಗಕ್ಕೆ ಲಸಿಕೆ ಬೇಕೇ ಬೇಕು. ಮರಿಗೆ 5ರಿಂದ 7 ದಿನದೊಳಗೆ ಲಸೋಟಾ ಇಲ್ಲವೇ ಎಫ್-1 ಹನಿ, ಸುಮಾರು 8 ವಾರಕ್ಕೆ ಆರ್‌2ಬಿ ಚುಚ್ಚುಮದ್ದು. ಲಸಿಕೆಯನ್ನು ಐಸ್ ಜೊತೆಯೇ ತನ್ನಿ. ಸ್ಕೂಟರ್ ಡಿಕ್ಕಿಯ ಬಿಸಿಯಲ್ಲಿ ತಂದರೆ ಸುಮ್ನೆ ದುಡ್ಡು ದಂಡ.

ರಾತ್ರಿ ಒಮ್ಮೆ ಟಾರ್ಚ್ ಹಿಡಿದು ನೋಡಿ. ಕೋಳಿ ಕೂರುವ ಕೋಲಿನ ಬಿರುಕಲ್ಲಿ ಕೆಂಪು ಹೇನು ಹಗಲೆಲ್ಲ ಅಡಗಿ, ಕತ್ತಲಾದ ಮೇಲೆ ರಕ್ತ ಹೀರುತ್ತದೆ. ಜುಟ್ಟು ಬಿಳಿಚಿ ಮೊಟ್ಟೆ ಕಡಿಮೆಯಾಗುತ್ತದೆ.

ಮೊಟ್ಟೆ ಇಳಿದಾಗೆಲ್ಲ ರೋಗ ಅಂತಲ್ಲ. ಗರಿ ಉದುರುವ ಕಾಲದಲ್ಲಿ ಇಳಿಯುವುದು ಸಹಜ. ಹಗಲು ಚಿಕ್ಕದಾದರೂ ಅಷ್ಟೇ, ಯಾಕೆಂದರೆ ಚೆನ್ನಾಗಿ ಇಡಲು ದಿನಕ್ಕೆ 14ರಿಂದ 16 ಗಂಟೆ ಬೆಳಕು ಬೇಕು. ಅದಕ್ಕೇ ನಾನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಮೊಟ್ಟೆ ಲೆಕ್ಕವನ್ನೂ ಬರೆಯುತ್ತೇನೆ. ನಿಧಾನಕ್ಕೆ ಇಳಿದರೆ ಬೆಳಕು, ಗರಿ ನೋಡುತ್ತೇನೆ. ಎರಡು ಮೂರು ದಿನದಲ್ಲಿ ಧಡಕ್ಕನೆ ಬಿದ್ದರೆ ಡಾಕ್ಟರಿಗೆ ಫೋನ್.

ಒಂದರ ಹಿಂದೊಂದು ಕೋಳಿ ಸಾಯತೊಡಗಿದರೆ ಮಾತ್ರ ಒಂದು ದಿನವೂ ಕಾಯಬೇಡಿ, ಅದು ಹಕ್ಕಿಜ್ವರವೂ ಇರಬಹುದು. ದೇಶದಲ್ಲಿ ಕೋಳಿಗಳಲ್ಲಿ ಹಕ್ಕಿಜ್ವರ ಮೊದಲು ಪತ್ತೆಯಾದದ್ದು ನಮ್ಮ ಪಕ್ಕದ ಮಹಾರಾಷ್ಟ್ರದ ನವಾಪುರದಲ್ಲಿ, 2006ರ ಫೆಬ್ರವರಿಯಲ್ಲಿ. ಸತ್ತದ್ದನ್ನು ಬರಿಗೈಯಲ್ಲಿ ಮುಟ್ಟಬೇಡಿ, ಹಳ್ಳಕ್ಕೆ ಎಸೆಯಬೇಡಿ. ಸರ್ಕಾರಿ ಪಶು ಆಸ್ಪತ್ರೆಗೆ ತಿಳಿಸಿ. ಅವರು ಬಂದು ನೋಡುವವರೆಗೆ ಹಿತ್ತಲಿಂದ ಒಂದು ಮೊಟ್ಟೆಯೂ ಗೇಟು ದಾಟಬಾರದು.