ಸೋರಿದ್ದು ತೊಡೆಯ ಸಂದಿಯಿಂದ

ಮಗಳಿಗೆ ಮೂರು ತಿಂಗಳು ತುಂಬುವ ಹೊತ್ತಿಗೆ ನಾನು ಹೊಲಿದಿದ್ದ ಆರೂ ಬಟ್ಟೆ ಡೈಪರ್‌ಗಳು ಸೋರತೊಡಗಿದವು. ಬಟ್ಟೆ ಸಾಲುತ್ತಿಲ್ಲ ಅಂದುಕೊಂಡು ಒಳಗೆ ಇನ್ನೊಂದು ಪದರ ಇಟ್ಟೆ. ಸೋರುವುದು ಇನ್ನೂ ಜಾಸ್ತಿಯಾಯಿತು. ಬಿಚ್ಚಿ ನೋಡಿದರೆ ಒಳಗಿನ ಪ್ಯಾಡ್ ಅರ್ಧ ಒಣಗಿಯೇ ಇತ್ತು! ಉಚ್ಚೆ ಬಟ್ಟೆಗೆ ಇಳಿಯುವ ಮೊದಲೇ ತೊಡೆಯ ಸಂದಿಯಿಂದ ಜಾರುತ್ತಿತ್ತು. ದಪ್ಪ ಪ್ಯಾಡ್ ಆ ಸಂದಿಯನ್ನು ಇನ್ನಷ್ಟು ಅಗಲ ಮಾಡಿತ್ತು, ಅಷ್ಟೇ.

ಅಲ್ಲಿಯವರೆಗೆ ಬರೀ ಸೊಂಟ ಅಳೆಯುತ್ತಿದ್ದೆ. ಅಳೆಯಬೇಕಾದ್ದು ತೊಡೆ. ಮಗು ಕಾಲು ಮಡಚಿ ಮಲಗಿದಾಗ ತೊಡೆ ಶುರುವಾಗುವ ಮಡಿಕೆಯ ಸುತ್ತ ಟೇಪ್ ಹಿಡಿಯಬೇಕು. ಡೈಪರಿನ ಅಂಚು ಒಳಚಡ್ಡಿಯ ಹಾಗೆ ಆ ಮಡಿಕೆಯಲ್ಲೇ ಕೂರಬೇಕು.

ಮೊದಲು ಎಲಾಸ್ಟಿಕ್ ಎಳೆದು ಹಿಡಿದು ನೇರ ಬಟ್ಟೆಗೇ ಜಿಗ್‌ಜಾಗ್ ಹೊಲಿಗೆ ಹಾಕಿದ್ದೆ. ಮಗು ಬೆಳೆದರೆ ಅದನ್ನು ಸಡಿಲ ಮಾಡುವ ದಾರಿಯೇ ಇಲ್ಲ. ಎಲ್ಲವನ್ನೂ ಬಿಚ್ಚಿದೆ. ಲಂಗಕ್ಕೆ ಲಾಡಿ ಪೋಣಿಸಲು ಮಾಡುತ್ತೇವಲ್ಲ, ಹಾಗೆ ಕಾಲಿನ ಅಂಚಿನಲ್ಲಿ ಪಟ್ಟಿ ಮಡಚಿ ಹೊಲಿದು, ಕಾಜ ಇರುವ ಎಲಾಸ್ಟಿಕ್ ಪೋಣಿಸಿದೆ. ಮುಂದಿನ ತುದಿಗೆ ಗಟ್ಟಿ ಹೊಲಿಗೆ. ಹಿಂದಿನ ತುದಿ ಎರಡು ಪದರಗಳ ನಡುವೆ ಒಂದು ಚಪ್ಪಟೆ ಗುಂಡಿಗೆ. ಹಾಗಾಗಿ ಗುಂಡಿ ಮಗುವಿನ ಮೈಗೆ ತಾಗುವುದಿಲ್ಲ. ತೊಡೆ ತುಂಬಿಕೊಂಡ ಹಾಗೆ ಒಂದೊಂದೇ ಕಾಜ ಸಡಿಲಿಸಿದರಾಯಿತು. ಎಲಾಸ್ಟಿಕ್ ಒಳಗೆ ನನ್ನ ಒಂದು ಬೆರಳು ಸಲೀಸಾಗಿ ಹೋಗಬೇಕು. ಬಿಚ್ಚಿದಾಗ ಕಾಣುವ ತೆಳು ಗುರುತು ಸ್ವಲ್ಪ ಹೊತ್ತಿಗೆ ಮಾಯವಾದರೆ ಸರಿ. ಕೆಂಪಗೆ ಉಳಿದುಬಿಟ್ಟರೆ ಬಿಗಿ ಜಾಸ್ತಿ ಆಗಿದೆ ಅಂತಲೇ ಅರ್ಥ.

ಹೊರಗಿನ ಪದರಕ್ಕೆ ಪಿಯುಎಲ್, ಅಂದರೆ ಒಂದು ಬದಿಗೆ ನೀರು ಸೋರದ ಹೊಳಪಿನ ಲೇಪ ಇರುವ ಬಟ್ಟೆ. ಆ ಹೊಳಪಿನ ಬದಿ ಒಳಗೆ. ಇದಕ್ಕೆ ಗುಂಡುಪಿನ್ನು ಚುಚ್ಚಬೇಡಿ. ಪ್ರತಿ ತೂತೂ ಸೋರುವ ಜಾಗ. ನಾನು ಬಟ್ಟೆ ಕ್ಲಿಪ್ ಹಾಕಿ ಹೊಲಿದೆ. ಹತ್ತಿ ದಾರ ತೇವವನ್ನು ಹೊರಗೆ ಎಳೆದು ತರುತ್ತದೆ, ಅದಕ್ಕೇ ಪಾಲಿಯೆಸ್ಟರ್ ದಾರ. ಹೊಳಪಿನ ಬದಿ ಮಿಷನ್ನಿನ ಪಾದಕ್ಕೆ ಅಂಟಿಕೊಂಡು ಮುಂದೆ ಸರಿಯದಿದ್ದಾಗ ಮೇಲೆ ತೆಳು ಕಾಗದ ಇಟ್ಟು ಹೊಲಿದು ಆಮೇಲೆ ಹರಿದು ತೆಗೆದೆ.

ಪ್ಯಾಡಿಗೆ ಹಳೆ ಟವಲ್ಲು, ಎರಡೂ ಕಡೆ ಫ್ಲಾನೆಲ್. ಒಂದೇ ದಪ್ಪ ಪ್ಯಾಡ್ ಹೊಲಿಯುವ ಬದಲು ಮೂರು ಮಡಿಕೆ ಹಾಕುವಂಥ ಅಗಲ ತುಂಡು ಮಾಡಿದರೆ ಬೇಗ ಒಣಗುತ್ತದೆ. ಹೊಸ ಹತ್ತಿ ಬಟ್ಟೆ ನಾಲ್ಕೈದು ಸಲ ಒಗೆಯುವವರೆಗೆ ಸರಿಯಾಗಿ ಹೀರುವುದಿಲ್ಲ. ಬಟ್ಟೆ ಮೆದುವಾಗಲಿ ಅಂತ ಕಂಡಿಷನರ್ ಹಾಕಿದರೆ ಹೀರುವ ಗುಣ ಇನ್ನೂ ಕಡಿಮೆಯಾಗುತ್ತದೆ.

ಅಂಬೆಗಾಲಿಡಲು ಶುರು ಮಾಡಿದಾಗ ಸೊಂಟದ ಪಟ್ಟಿ ಕೆಳಕ್ಕೆ ಜಾರತೊಡಗಿತು. ಪ್ರತಿ ಬದಿಗೆ ಇದ್ದ ಒಂದು ಟಿಚ್ ಬಟನ್ ಕೆಳಗೆ ಇನ್ನೊಂದು ಹಾಕಿದೆ. ಈಗ ನಡೆಯುತ್ತಾಳೆ. ಕಾಲುಗಳ ನಡುವೆ ದಪ್ಪ ಇದ್ದರೆ ಅವಳಿಗೆ ಕಷ್ಟ ಅಲ್ವಾ, ಅದಕ್ಕೆ ಹಗಲಿಗೆ ಒಂದೇ ಕಿರಿದಾದ ಪ್ಯಾಡ್, ರಾತ್ರಿಗೆ ಎರಡು. ಎಲಾಸ್ಟಿಕ್ ಕೊನೆಯ ಕಾಜಕ್ಕೆ ಬಂದಿದೆ.