ಪುಟ್ಟಿಯ ಗಡಿಯಾರ ಬೆಂಗಳೂರಿನದೇ ಇರಲಿ

ಸಿಂಗಾಪುರಕ್ಕೆ ನಾನು ಎರಡು ಸಲ ಹೋಗಿದ್ದೇನೆ. ಎರಡು ಸಲವೂ ಸೊಂಟದ ಮೇಲೊಂದು ಕೂಸು. ಮೊದಲನೇ ಸಲ ಮಗಳ ಮಗ, ಆಗ ಅವನಿಗೆ ಒಂದೂವರೆ ವರ್ಷ. ಎರಡನೇ ಸಲ ಮಗನ ಮಗಳು ಪುಟ್ಟಿ, ಎರಡು ತುಂಬಲು ಇನ್ನೂ ಎರಡು ತಿಂಗಳಿತ್ತು. ಮೊದಲ ಸಲ ಐದು ದಿನಕ್ಕೆ ಹನ್ನೊಂದು ಜಾಗ ನೋಡಿದೆವು. ಈಗ ಕೇಳಿದರೆ ನನಗೆ ಮಗುವಿನ ಅಳು ಬಿಟ್ಟು ಬೇರೇನೂ ನೆನಪಿಲ್ಲ. ಎರಡನೇ ಸಲ ನಾಲ್ಕೇ ಜಾಗ. ಒಂದೊಂದೂ ಕಣ್ಣಿಗೆ ಕಟ್ಟಿದ ಹಾಗಿದೆ. ಬಸವನಗುಡಿಯ ನಮ್ಮ ಬೀದಿಯಲ್ಲಿ ಯಾರಾದರೂ ಚಿಕ್ಕ ಮಗು ಕಟ್ಟಿಕೊಂಡು ಹೊರದೇಶಕ್ಕೆ ಹೊರಟರೆ ಒಂದು ಸಂಜೆ ನಮ್ಮ ಮನೆಗೆ ಬಂದು ಕೂರುತ್ತಾರೆ. ಅವರಿಗೆ ಕಾಫಿ ಜೊತೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ವಿಮಾನದ ವಿಷಯ. ಬೆಂಗಳೂರಿನಿಂದ ಸಿಂಗಾಪುರಕ್ಕೆ ನೇರ ವಿಮಾನದಲ್ಲಿ ಸುಮಾರು ನಾಲ್ಕೂವರೆ ಗಂಟೆ. ಆ ಊರಿನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ಮಗಳು ಮೊದಲ ಸಲ ರಾತ್ರಿ ಹನ್ನೊಂದರ ವಿಮಾನ ಹಿಡಿದಳು. "ಮಗು ಹೇಗೂ ಮಲಗಿರುತ್ತೆ, ಅಮ್ಮಾ, ಒಂದು ದಿನ ಉಳಿಯುತ್ತೆ" ಅಂದಳು. ಲೆಕ್ಕ ಹಾಕಿ ನೋಡಿ. ನಾಲ್ಕೂವರೆ ಗಂಟೆಯಲ್ಲಿ ಹತ್ತುವುದು, ಇಳಿಯುವುದು, ಊಟದ ಗಾಡಿ, ದೀಪ, ಎಲ್ಲ ಕಳೆದರೆ ನಿದ್ದೆಗೆ ಸಿಗುವುದು ಎರಡು ಗಂಟೆ. ಇಳಿಯುವಾಗ ಅಲ್ಲಿ ಬೆಳಗ್ಗೆ ಆರು, ಕೂಸಿಗೆ ಇನ್ನೂ ಮೂರೂವರೆ. ಹೋಟೆಲಿನಲ್ಲಿ ಕೋಣೆ ಕೊಡುವುದು ಮಧ್ಯಾಹ್ನ ಮೂರಕ್ಕೆ ಅಂದರು. ಒಂಬತ್ತು ಗಂಟೆ ನಾವು ಕೆಳಗಿನ ಸೋಫಾದ ಮೇಲೆ ಸರದಿಯಲ್ಲಿ ಮಗು ಎತ್ತಿಕೊಂಡು ಕೂತಿದ್ದೆವು. ಅಲ್ಲಿಂದ ಕೆಟ್ಟ ಅವನ ನಿದ್ದೆ ಐದು ದಿನವೂ ಸರಿಹೋಗಲಿಲ್ಲ.

ಆದ್ದರಿಂದ ಹಗಲಿನ ವಿಮಾನ ನೋಡಿ. ಬೆಳಗ್ಗೆ ಇಲ್ಲಿಂದ ಹೊರಟರೆ ಸಂಜೆಯ ಹೊತ್ತಿಗೆ ಅಲ್ಲಿ. ಕೋಣೆ ಸಿದ್ಧವಾಗಿರುತ್ತದೆ. ನೇರ ಹೋಗಿ ಸ್ನಾನ, ಊಟ, ಹಾಸಿಗೆ. ದುಡ್ಡು ಸ್ವಲ್ಪ ಜಾಸ್ತಿ ಆದರೂ ಪರವಾಗಿಲ್ಲ. ಎರಡು ವರ್ಷ ತುಂಬದ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೋಗಬಹುದು. ಅದಕ್ಕೆ ತಗಲುವ ಟಿಕೆಟ್ ದುಡ್ಡು ಕಡಿಮೆ. ಆದರೆ ವಾಪಸು ಬರುವ ದಿನಕ್ಕೆ ಎರಡು ತುಂಬಿದ್ದರೆ ಬರುವಾಗ ಬೇರೆ ಸೀಟು ಬೇಕು. ಹುಟ್ಟುಹಬ್ಬ ಅಲ್ಲೇ ಮಾಡೋಣ ಅನ್ನುವವರು ಇದನ್ನು ಮರೆಯುತ್ತಾರೆ. ವಿಮಾನ ಏರುವಾಗ, ಅದಕ್ಕಿಂತ ಹೆಚ್ಚಾಗಿ ಇಳಿಯುವಾಗ, ಕಿವಿ ಕಟ್ಟುತ್ತದೆ. ಆಗ ಸಿಪ್ಪರಿನಲ್ಲಿ ನೀರು ಕೊಡಿ, ಇಲ್ಲ ಹಾಲು ಕುಡಿಸಿ. ನುಂಗುತ್ತಿದ್ದರೆ ಕಿವಿ ಬಿಡುತ್ತದೆ. ನಿದ್ದೆಯಲ್ಲಿದ್ದರೆ ಇಳಿಯುವ ಮುಂಚೆ ಮೆಲ್ಲಗೆ ಎಬ್ಬಿಸಿ. ಮಗುವಿನ ಹಾಲು, ಊಟಕ್ಕೆ 100 ಮಿಲಿಲೀಟರ್ ಮಿತಿ ಇಲ್ಲ. ದಾರಿಗೆ ಬೇಕಾಗುವಷ್ಟು ಒಯ್ಯಲು ಬಿಡುತ್ತಾರೆ, ತಪಾಸಣೆಯಲ್ಲಿ ತೆಗೆದು ತೋರಿಸಬೇಕು ಅಷ್ಟೇ. ಇನ್ನು ನಮ್ಮ ಕಡೆಯಿಂದ ಏರ್‌ಪೋರ್ಟ್‌ಗೆ ಹೆಬ್ಬಾಳ ದಾಟಿ ಹೋಗಬೇಕು, ಅಲ್ವಾ? ಅದರ ಗೋಳು ನಾನು ಹೇಳಬೇಕಿಲ್ಲ. ಒಂದು ಗಂಟೆ ಮುಂಚೆಯೇ ಹೊರಡಿ. ಎರಡನೇ ಟರ್ಮಿನಲ್ ಒಳಗೆ ಗಿಡ, ಬಳ್ಳಿ, ನೀರು ಬೇಕಾದಷ್ಟಿದೆ, ಹೊತ್ತು ಹೋಗುತ್ತದೆ.

ಕಾಗದಪತ್ರದ ಬಗ್ಗೆ ಉದ್ದ ಬರೆಯುವುದಿಲ್ಲ. ಮಗುವಿಗೂ ಸ್ವಂತ ಪಾಸ್‌ಪೋರ್ಟ್ ಬೇಕು, ಐದು ವರ್ಷಕ್ಕೆ ಕೊಡುತ್ತಾರೆ. ಅಪ್ಪ ಅಮ್ಮ ಇಬ್ಬರ ಒಪ್ಪಿಗೆಯೂ ಸಹಿ ಮಾಡಿದ ಕಾಗದದಲ್ಲಿ ಇರಬೇಕು. ನಾಲ್ಕು ವರ್ಷದೊಳಗಿನ ಮಗುವಿಗೆ ಬಿಳಿ ಹಿನ್ನೆಲೆಯ ಫೋಟೋ ನಾವೇ ಒಯ್ಯಬೇಕು. ಬಿಳಿ ಪಂಚೆ ಹಾಸಿ, ಮೇಲೆ ಮಲಗಿಸಿ ತೆಗೆದರೆ ಸುಲಭ. ಸಿಂಗಾಪುರಕ್ಕೆ ನಮಗೆ ವೀಸಾ ಬೇಕು, ಪಾಸ್‌ಪೋರ್ಟಿನಲ್ಲಿ ಇನ್ನೂ ಆರು ತಿಂಗಳಾದರೂ ಬಾಕಿ ಇರಬೇಕು. ಅಲ್ಲಿ ಇಳಿಯುವ ದಿನವೂ ಸೇರಿ ಮೂರು ದಿನದೊಳಗೆ ಆನ್‌ಲೈನಿನಲ್ಲಿ ಅರೈವಲ್ ಕಾರ್ಡ್ ತುಂಬಬೇಕು, ಕೂಸಿಗೂ ಸೇರಿಸಿ. ಅದಕ್ಕೆ ಶುಲ್ಕವಿಲ್ಲ. ದುಡ್ಡು ಕೇಳುವ ಜಾಲತಾಣ ಕಂಡರೆ ಅದು ಸರ್ಕಾರದ್ದಲ್ಲ ಅಂತ ತಿಳಿಯಿರಿ.

ಈಗ ನನ್ನ ಇಷ್ಟದ ವಿಷಯ, ಡಬ್ಬಿ. ಬೇರೆ ಊರಿನಲ್ಲಿ ಮಗು ಏನು ತಿನ್ನುತ್ತದೋ ಬಿಡುತ್ತದೋ, ಬೆಳಗಿನ ಒಂದು ಹೊತ್ತು ಮನೆಯ ರುಚಿ ಹೊಟ್ಟೆಗೆ ಬಿದ್ದರೆ ಅರ್ಧ ಚಿಂತೆ ಕಳೆಯುತ್ತದೆ. ಹೋಟೆಲ್ ಕೋಣೆಯಲ್ಲಿ ನೀರು ಕಾಯಿಸುವ ಕೆಟಲ್ ಸಾಮಾನ್ಯವಾಗಿ ಇರುತ್ತದೆ. ಅದೊಂದೇ ನಿಮ್ಮ ಒಲೆ ಅಂದುಕೊಂಡು ತಯಾರಿ ಮಾಡಿ. ಕುಕ್ಕರ್ ಒಯ್ದು ಕೋಣೆಯಲ್ಲಿ ಅನ್ನ ಬೇಯಿಸಲು ಹೋಗಬೇಡಿ, ಹೊಗೆ ಅಲಾರಂ ಹೊಡೆದುಕೊಂಡರೆ ಇಡೀ ಹೋಟೆಲು ಎದ್ದು ನಿಲ್ಲುತ್ತದೆ. ಬಿಸಿನೀರು ಸುರಿದರೆ ಸಾಕು ಅನ್ನುವಂಥದ್ದು ನಮ್ಮಲ್ಲಿ ಕಡಿಮೆಯೇ? ಹುರಿಹಿಟ್ಟಿದೆ. ಅದು ಮೊದಲೇ ಹುರಿದದ್ದು, ಬಿಸಿನೀರು, ಬೆಲ್ಲದ ಪುಡಿ, ಒಂದು ಚಮಚ ತುಪ್ಪ ಹಾಕಿ ಕಲಸಿದರೆ ಆಯಿತು. ತೆಳು ಅವಲಕ್ಕಿಯನ್ನು ಬೆಚ್ಚಗೆ ಹುರಿದು ತರಿಯಾಗಿ ಪುಡಿ ಮಾಡಿಟ್ಟುಕೊಳ್ಳಿ. ಬಿಸಿನೀರಿನಲ್ಲಿ ಐದು ನಿಮಿಷ ಮುಚ್ಚಿಟ್ಟು ಬಾಳೆಹಣ್ಣು ಕಿವುಚಿದರೆ ಒಂದು ಹೊತ್ತಿನ ಊಟ. ರಾಗಿ ಸರಿ ಮಾತ್ರ ಕುದಿಯಬೇಕು. ಕೆಟಲಿನ ನೀರಿಗೆ ಹಾಕಿ ಕಲಸಿದರೆ ಹಸಿ ಹಸಿಯಾಗಿ ಹೊಟ್ಟೆ ಉಬ್ಬರ ಬರುತ್ತದೆ. ಅದನ್ನು ಮನೆಗೆ ಬಂದ ಮೇಲೆ ಕೊಡಿ.

ಪುಡಿಗಳನ್ನು ಒಂದೊಂದು ಹೊತ್ತಿಗಾಗುವಷ್ಟು ಬೇರೆ ಬೇರೆ ಪೊಟ್ಟಣ ಕಟ್ಟಿ, ಮೇಲೆ ಇಂಗ್ಲಿಷಿನಲ್ಲಿ ಏನೆಂದು ಬರೆಯಿರಿ. ಹೆಸರಿಲ್ಲದ ಪುಡಿ ಕಂಡರೆ ಯಾವ ದೇಶದವರಾದರೂ ಕೇಳಿಯೇ ಕೇಳುತ್ತಾರೆ. ಮತ್ತೆ ಗಸಗಸೆ. ಮಗು ಚೆನ್ನಾಗಿ ಮಲಗಲಿ ಅಂತ ಗಸಗಸೆ ಪಾಯಸ ಕುಡಿಸುವ ಮನೆಗಳು ನಮ್ಮಲ್ಲಿವೆ. ಸಿಂಗಾಪುರಕ್ಕೆ ಗಸಗಸೆ ಒಯ್ಯುವಂತಿಲ್ಲ, ಅಲ್ಲಿ ಅದು ನಿಷೇಧ. ಬಿಡಿಯಾಗಿ ಮಾತ್ರ ಅಲ್ಲ, ಬಿಸಿಬೇಳೆಬಾತ್ ಪುಡಿಗೂ ಕೆಲವರು ಹಾಕುತ್ತಾರಲ್ಲ, ಅದನ್ನೂ ನೋಡಿಕೊಳ್ಳಿ. ನಾನು ಹೋಗುವ ಹಿಂದಿನ ದಿನ ಸೂಟ್‌ಕೇಸಿನಿಂದ ಒಂದು ಡಬ್ಬಿ ತೆಗೆದು ಮತ್ತೆ ಅಡುಗೆಮನೆಗೆ ಇಟ್ಟೆ.

ಹಾಗಂತ ಮನೆಯನ್ನೇ ಹೊತ್ತುಕೊಂಡು ಹೋಗಬೇಡಿ. ಉಳಿಯಲು ಲಿಟಲ್ ಇಂಡಿಯಾ ಅಥವಾ ಫ್ಯಾರರ್ ಪಾರ್ಕ್ ಮೆಟ್ರೋ ಸ್ಟೇಷನ್ ಹತ್ತಿರ ಜಾಗ ಹುಡುಕಿ. ಕೋಣೆ ಚಿಕ್ಕದಿರಬಹುದು, ಸಮುದ್ರ ಕಾಣದೆ ಇರಬಹುದು. ಆದರೆ ಕೆಳಗಿಳಿದರೆ ಸೆರಂಗೂನ್ ರಸ್ತೆ. ಮಲ್ಲಿಗೆ ಹೂವಿನ ಮಾಲೆ, ತೆಂಗಿನಕಾಯಿ, ಬಾಳೆಲೆ ಎಲ್ಲ ಕಣ್ಣೆದುರೇ. 1947ರಲ್ಲಿ ಶುರುವಾದ ಕೋಮಲ ವಿಲಾಸದಲ್ಲಿ ಇಡ್ಲಿ ಸಿಗುತ್ತದೆ. ಟೆಕ್ಕಾ ಮಾರುಕಟ್ಟೆಯಲ್ಲಿ ಹಣ್ಣು ತರಕಾರಿ, ಮುಸ್ತಫಾ ಅಂಗಡಿಯಲ್ಲಿ ತೊಗರಿಬೇಳೆಯಿಂದ ಡಯಾಪರ್‌ವರೆಗೂ ಉಂಟು. ಮೊದಲ ಸಲ ಐವತ್ತು ಡಯಾಪರ್ ಒಯ್ದಿದ್ದೆವು, ಸುಮ್ನೆ. ಎರಡು ದಿನಕ್ಕಾಗುವಷ್ಟು ಸಾಕು. ಕೋಣೆ ಹಿಡಿಯುವಾಗ ಫ್ರಿಜ್ ಇದೆಯೇ, ಮಗುವಿಗೆ ತೊಟ್ಟಿಲು ಮಂಚ ಕೊಡುತ್ತಾರೆಯೇ ಕೇಳಿ. ನಲ್ಲಿ ನೀರು ಕುಡಿಯುವಂಥದ್ದೇ. ಪ್ಲಗ್ ಮಾತ್ರ ಬೇರೆ, ಚೌಕ ಕಾಲಿನ ಮೂರು ಪಿನ್ನು, ಅಡಾಪ್ಟರ್ ಒಯ್ಯಿರಿ.

ಇಷ್ಟೆಲ್ಲ ಆದ ಮೇಲೆ ನಿಜವಾದ ಗುಟ್ಟು ಹೇಳುತ್ತೇನೆ. ಇದನ್ನು ಕಲಿಸಿದ್ದು ನಮ್ಮ ಯಜಮಾನರ ಕೈಗಡಿಯಾರ. ಎರಡನೇ ಸಲ ಹೋದಾಗ ಅವರು ಅದರ ಮುಳ್ಳು ತಿರುಗಿಸಲೇ ಇಲ್ಲ. "ಐದು ದಿನಕ್ಕೆ ಯಾಕೆ ತಿರುಗಿಸೋದು" ಅಂತ ಸೋಮಾರಿತನ. ಮೊದಲ ರಾತ್ರಿ ಪುಟ್ಟಿ ಮಲಗಿದ್ದು ಅಲ್ಲಿನ ಹನ್ನೊಂದೂವರೆಗೆ. ಸೊಸೆ ಕಂಗಾಲು. ಇವರು ಗಡಿಯಾರ ನೋಡಿ, "ಸರಿಯಾಗೇ ಇದೆಯಲ್ಲ, ಒಂಬತ್ತು ಗಂಟೆ" ಅಂದರು. ಆಗ ನನಗೆ ತಲೆಗೆ ಹೊಳೆಯಿತು. ಮಗುವನ್ನು ಯಾಕೆ ತಿರುಗಿಸಬೇಕು? ಅದು ಬೆಂಗಳೂರಿನ ಹೊತ್ತಿಗೇ ಇರಲಿ. ಬೆಳಗ್ಗೆ ಏಳಕ್ಕೆ ಏಳುವ ಮಗು ಅಲ್ಲಿ ಒಂಬತ್ತೂವರೆಗೆ ಏಳುತ್ತದೆ. ಮಧ್ಯಾಹ್ನ ಒಂದಕ್ಕೆ ಮಲಗುವುದು ಅಲ್ಲಿ ಮೂರೂವರೆಗೆ ಮಲಗುತ್ತದೆ. ಆ ಊರಿನಲ್ಲಿ ವರ್ಷವಿಡೀ ಸೆಕೆ, ಮಧ್ಯಾಹ್ನ ಗುಡುಗಿ ಮಳೆ ಸುರಿಯುವುದೂ ಜಾಸ್ತಿ. ಆ ಹೊತ್ತಿಗೆ ನೀವು ಕೋಣೆಯಲ್ಲಿ, ಮಗು ನಿದ್ದೆಯಲ್ಲಿ. ಆರಕ್ಕೆ ಎದ್ದು ಹೊರಟರೆ ಊರು ತಂಪಾಗಿರುತ್ತದೆ.

ಗಾರ್ಡನ್ಸ್ ಬೈ ದಿ ಬೇ ಅನ್ನುವ ತೋಟದಲ್ಲಿ ದೊಡ್ಡ ದೊಡ್ಡ ಉಕ್ಕಿನ ಮರಗಳಿಗೆ ದೀಪ ಹಾಕಿ, ಹಾಡು ಹಾಕಿ ಆಡಿಸುತ್ತಾರೆ. ಅದು ರಾತ್ರಿ 7.45ಕ್ಕೊಂದು, 8.45ಕ್ಕೊಂದು. ಕೆಳಗೆ ಕೂತು ನೋಡಲು ದುಡ್ಡಿಲ್ಲ. ಪುಟ್ಟಿಯ ಲೆಕ್ಕದಲ್ಲಿ 7.45 ಅಂದರೆ ಸಂಜೆ ಐದೂಕಾಲು. ನೆಲದ ಮೇಲೆ ಶಾಲು ಹಾಸಿ ಮಲಗಿಸಿದೆವು, ಚಪ್ಪಾಳೆ ಹೊಡೆದದ್ದೇ ಹೊಡೆದದ್ದು. ಅದೇ ದೀಪದ ಕೆಳಗೆ ಮಗಳ ಮಗ ಎರಡು ವರ್ಷ ಮುಂಚೆ ಬಿಕ್ಕಿ ಬಿಕ್ಕಿ ಅತ್ತಿದ್ದ.

ದಿನಕ್ಕೆ ಒಂದು ಜಾಗ, ಸಂಜೆ ಒಂದು ಸುತ್ತಾಟ. ಅಷ್ಟೇ. ಯಾವ ಜಾಗ ಅಂತ ಕೇಳಿದರೆ ನನ್ನ ಮೊದಲ ಮಾತು ಬೊಟಾನಿಕ್ ಗಾರ್ಡನ್ಸ್. 1859ರ ತೋಟ, 2015ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಲಾಲ್‌ಬಾಗ್ ಬೆಳಗಿನ ವಾಕಿಂಗ್ ಮಾಡಿದ ನಮ್ಮಂಥವರಿಗೆ ಅಲ್ಲಿ ಕಾಲಿಟ್ಟ ಕೂಡಲೇ ಮನೆಗೆ ಬಂದ ಹಾಗೆ. ಪ್ರವೇಶಕ್ಕೆ ದುಡ್ಡಿಲ್ಲ, ಆರ್ಕಿಡ್ ತೋಟಕ್ಕೆ ಮಾತ್ರ ಟಿಕೆಟ್. ಒಳಗೆ ಜೇಕಬ್ ಬಲ್ಲಾಸ್ ಅಂತ ಮಕ್ಕಳದೇ ತೋಟವಿದೆ. ಅದೂ ಉಚಿತ. ಸೋಮವಾರ ಮುಚ್ಚಿರುತ್ತದೆ, ನೋಡಿಕೊಂಡು ಹೋಗಿ. ಮಂಡಾಯಿಯ ಮೃಗಾಲಯಕ್ಕೂ ಹೋಗಬಹುದು. ಒರಾಂಗುಟಾನ್‌ಗಳು ತಲೆಯ ಮೇಲಿನ ಹಗ್ಗದಲ್ಲಿ ಓಡಾಡುತ್ತವೆ. ಮೂರು ವರ್ಷದೊಳಗಿನ ಮಗುವಿಗೆ ಟಿಕೆಟ್ ಇಲ್ಲ. ಆದರೆ ಅದು ಊರಾಚೆ, ಹೋಗಿ ಬರುವುದೇ ಒಂದು ದಿನ. ಆ ಸಂಜೆ ಬೇರೇನೂ ಇಟ್ಟುಕೊಳ್ಳಬೇಡಿ. ಯೂನಿವರ್ಸಲ್ ಸ್ಟುಡಿಯೋಸ್ ಅನ್ನುವ ಸಿನಿಮಾದವರ ಆಟದ ಪಾರ್ಕಿಗೆ ಮಾತ್ರ ದುಡ್ಡು ಹಾಕಬೇಡಿ. ಅಲ್ಲಿನ ದೊಡ್ಡ ಆಟಗಳಿಗೆ ಇಂತಿಷ್ಟು ಎತ್ತರ ಇರಬೇಕು ಅನ್ನುತ್ತಾರೆ. ಅಳಿಯ ಒಬ್ಬನೇ ಆಡಿದ, ನಾವು ಮೂವರು ಬಿಸಿಲಲ್ಲಿ ಕೂತೆವು.

ಓಡಾಟಕ್ಕೆ ಮೆಟ್ರೋ ಸಾಕು. ಸ್ಟ್ರೋಲರ್ ಮಡಚದೆ ಲಿಫ್ಟಿನಲ್ಲಿ ಇಳಿಸಬಹುದು. 90 ಸೆಂಟಿಮೀಟರ್‌ಗಿಂತ ಕುಳ್ಳಗಿರುವ ಮಗುವಿಗೆ ದೊಡ್ಡವರ ಜೊತೆ ಟಿಕೆಟ್ ಬೇಡ. ಒಂದೇ ಎಚ್ಚರ, ರೈಲಿನೊಳಗೆ ತಿನ್ನುವಂತಿಲ್ಲ, ಕುಡಿಯುವಂತಿಲ್ಲ. 500 ಡಾಲರ್‌ವರೆಗೆ ದಂಡ ಅಂತ ಬೋರ್ಡೇ ಇದೆ. ನಾನು ಅಭ್ಯಾಸಬಲದಿಂದ ಕಡ್ಲೆಪುರಿ ಡಬ್ಬಿ ಬಿಚ್ಚಿದ್ದೆ. ಎದುರು ಕೂತ ಚೀನೀ ಅಜ್ಜಿಯೊಬ್ಬರು ಏನೂ ಮಾತಾಡದೆ ಆ ಬೋರ್ಡಿನ ಕಡೆ ಬೆರಳು ತೋರಿಸಿ ನಕ್ಕರು. ಅದಕ್ಕೇ ಸ್ಟೇಷನ್‌ಗೆ ಇಳಿಯುವ ಮುಂಚೆಯೇ ಹೊಟ್ಟೆ ತುಂಬಿಸಿ. ಆ್ಯಪಿನಲ್ಲಿ ಕರೆಸುವ ಖಾಸಗಿ ಕಾರಿನಲ್ಲಿ ಮಗುವಿಗೆ ಚೈಲ್ಡ್ ಸೀಟ್ ಇರಲೇಬೇಕು, ಅದು ಅಲ್ಲಿನ ಕಾನೂನು. ಸೀಟ್ ಇರುವ ಕಾರನ್ನೇ ಆರಿಸಿ. ಮಾಲು, ರೈಲು ಎಲ್ಲೆಡೆ ಎಸಿ ಕೊರೆಯುತ್ತದೆ. ಹೊರಗೆ ಬೆವರು, ಒಳಗೆ ಚಳಿ. ಒಂದು ತೆಳು ಸ್ವೆಟರ್ ಸದಾ ಸ್ಟ್ರೋಲರಿನಲ್ಲಿರಲಿ.

ಔಷಧಿ ಚೀಲಕ್ಕೆ ಡಾಕ್ಟರ್ ಚೀಟಿ ಜೊತೆಗಿರಲಿ. ಜ್ವರದ ಸಿರಪ್ಪಿನಲ್ಲಿ ಎರಡು ಥರ ಸಿಗುತ್ತದೆ, ಒಂದು ಇನ್ನೊಂದರ ದುಪ್ಪಟ್ಟು ಗಟ್ಟಿ. ಮಗುವಿನ ತೂಕಕ್ಕೆ ಎಷ್ಟು ಮಿಲಿಲೀಟರ್ ಅಂತ ಕೇಳಿ ಬಾಟಲಿಯ ಮೇಲೇ ಬರೆದುಕೊಳ್ಳಿ. ಓಆರ್‌ಎಸ್ ಪೊಟ್ಟಣವೂ ಹಾಗೆಯೇ, ದೊಡ್ಡದು ಒಂದು ಲೀಟರ್ ನೀರಿಗೆ, ಚಿಕ್ಕದು 200 ಮಿಲಿಲೀಟರಿಗೆ. ಅಂದಾಜಿನಲ್ಲಿ ಕಲಸಬೇಡಿ. ಬೇಧಿಗೆ ಎಲ್ಲರೂ ತಯಾರಿರುತ್ತಾರೆ, ಮಲಬದ್ಧತೆಗೆ ಯಾರೂ ಇರುವುದಿಲ್ಲ. ಜಾಗ ಬದಲಾದರೆ ಮಕ್ಕಳು ಎರಡು ಮೂರು ದಿನ ಕಕ್ಕಸಿಗೆ ಹೋಗುವುದಿಲ್ಲ, ಆಮೇಲೆ ಊಟ ಬೇಡ, ಬರೀ ರಚ್ಚೆ. ರಾತ್ರಿ ಹತ್ತು ಒಣದ್ರಾಕ್ಷಿ ನೆನೆಹಾಕಿ, ಬೆಳಗ್ಗೆ ಚೆನ್ನಾಗಿ ಕಿವುಚಿ ಸೋಸಿ ಆ ನೀರು ಕುಡಿಸಿ. ಪರಂಗಿಹಣ್ಣು ಅಲ್ಲಿ ಎಲ್ಲೆಡೆ ಸಿಗುತ್ತದೆ. ದೊಡ್ಡ ತೊಂದರೆ ಬಂದರೆ ಆಂಬ್ಯುಲೆನ್ಸ್ ನಂಬರು 995. ಹೆಂಗಸರು ಮಕ್ಕಳ ಕೆಕೆ ಆಸ್ಪತ್ರೆ ಲಿಟಲ್ ಇಂಡಿಯಾದ ಹತ್ತಿರವೇ ಇದೆ. ಮಗುವಿನ ಹೆಸರಿಗೂ ವಿಮೆ ಮಾಡಿಸಿ. ಅಲ್ಲಿ ವೈದ್ಯರ ಖರ್ಚು ನಮ್ಮ ಲೆಕ್ಕಕ್ಕೆ ಬಹಳ.

ಬರುವ ದಿನ ಬೆಳಗಿನಿಂದ ಅಂಗಡಿ ಸುತ್ತಬೇಡಿ. ಚಾಂಗಿ ವಿಮಾನ ನಿಲ್ದಾಣಕ್ಕೆ ಅಂಟಿಕೊಂಡೇ ಜ್ಯುವೆಲ್ ಅನ್ನುವ ಮಾಲ್ ಇದೆ. ಒಳಗೇ 40 ಮೀಟರ್ ಎತ್ತರದಿಂದ ನೀರು ಧುಮುಕುತ್ತದೆ. ನಾಲ್ಕು ಗಂಟೆ ಮುಂಚೆ ಹೋಗಿ ಅಲ್ಲೇ ಕೂತರೆ ಮಗು ನೀರು ನೋಡುತ್ತದೆ, ನೀವು ಕಾಲು ಚಾಚಬಹುದು. ಗಡಿಯಾರ ತಿರುಗಿಸದೆ ಇದ್ದದ್ದರ ಲಾಭ ಊರಿಗೆ ಬಂದ ಮೇಲೆ ಗೊತ್ತಾಗುತ್ತದೆ. ಪುಟ್ಟಿ ಮಾರನೇ ದಿನವೇ ಎಂದಿನ ಹಾಗೆ ಏಳಕ್ಕೆ ಎದ್ದಳು, ಸೊಸೆ ಆಫೀಸಿಗೆ ಹೋದಳು.

ಹೊರಡುವ ಹಿಂದಿನ ದಿನ ಇನ್ನೊಂದು ಕೆಲಸ ಮಾಡಿ. ಪಕ್ಕದ ಮನೆಯವರಿಗೆ ಒಂದು ಬಟ್ಟಲು ಹೆಪ್ಪು ಕೊಟ್ಟು, ನೀವು ಬರುವ ದಿನಕ್ಕೆ ಅರ್ಧ ಲೀಟರ್ ಮೊಸರು ಮಾಡಿಡಲು ಹೇಳಿ. ರಾತ್ರಿ ಹತ್ತಕ್ಕೆ ಬಾಗಿಲು ತೆಗೆದವರು ಒಂದು ಹಿಡಿ ಅಕ್ಕಿ ಕುಕ್ಕರಿಗಿಟ್ಟರೆ ಮೊಸರನ್ನ. ಐದು ದಿನ ಎಲ್ಲದಕ್ಕೂ ಮುಖ ತಿರುಗಿಸಿದ ಮಗು ಎರಡು ಬಟ್ಟಲು ತಿನ್ನುತ್ತದೆ, ನೋಡಿ.