ಹಾಸನದ ತರಗತಿಯಲ್ಲಿ ಹಾರ್ಟ್ ಪಾಠ

ಕಾನೂನು ಕಾಲೇಜಿನಲ್ಲಿ ಕಾನೂನೆಂದರೇನು ಎಂಬ ಬಗ್ಗೆ ಇಂಗ್ಲೆಂಡಿನ ನ್ಯಾಯಶಾಸ್ತ್ರಜ್ಞ ಎಚ್.ಎಲ್.ಎ. ಹಾರ್ಟ್ ಅವರ ಸಿದ್ಧಾಂತವನ್ನು ನಾನು ಅವರ ಬದುಕಿನಿಂದಲೇ ಶುರು ಮಾಡುತ್ತೇನೆ. ನ್ಯಾಯಶಾಸ್ತ್ರದ ಪತ್ರಿಕೆಯನ್ನು ಗೈಡ್ ಹಿಡಿದು ಬಾಯಿಪಾಠ ಮಾಡಿ ಪಾಸಾಗುವವರೇ ಹೆಚ್ಚು. ಜಮೀನಿನ ವ್ಯಾಜ್ಯಕ್ಕೆ, ಜೀವನಾಂಶದ ಅರ್ಜಿಗೆ, ಚೆಕ್ ಬೌನ್ಸ್ ಕೇಸಿಗೆ ಇದರಿಂದ ಏನು ಉಪಯೋಗ ಎಂದು ಅರಕಲಗೂಡು, ಹೊಳೆನರಸೀಪುರದ ಕಡೆಯಿಂದ ಬೆಳಗಿನ ಬಸ್ಸಿಗೆ ಬರುವ ವಿದ್ಯಾರ್ಥಿಗಳು ನೇರವಾಗಿ ಕೇಳುತ್ತಾರೆ. ಹಾಸನದಲ್ಲಿ ಕೆಲವು ಕಾಲ ಸಿವಿಲ್ ವಕೀಲಿಕೆ ನಡೆಸಿ ಪಾಠಕ್ಕೆ ಬಂದವನು ನಾನು. ಅವರು ಕೇಳುವುದು ನ್ಯಾಯವಾಗಿದೆ.

ಹಾರ್ಟ್ ಹುಟ್ಟಿದ್ದು 1907ರಲ್ಲಿ, ಇಂಗ್ಲೆಂಡಿನ ಹ್ಯಾರೊಗೇಟ್ ಊರಿನ ಯಹೂದಿ ಕುಟುಂಬದಲ್ಲಿ. ಮನೆಯವರದು ಉಡುಪಿನ ವ್ಯಾಪಾರ. ಆಕ್ಸ್‌ಫರ್ಡಿನಲ್ಲಿ ಓದಿದ್ದು ಗ್ರೀಕ್, ಲ್ಯಾಟಿನ್, ಪ್ರಾಚೀನ ಇತಿಹಾಸ ಮತ್ತು ತತ್ವಶಾಸ್ತ್ರ. ಕಾನೂನು ಪದವಿ ಅವರ ಬಳಿ ಇರಲಿಲ್ಲ. 1932ರಿಂದ 1940ರವರೆಗೆ ಲಂಡನ್ನಿನ ಹೈಕೋರ್ಟಿನ ಚಾನ್ಸರಿ ವಿಭಾಗದಲ್ಲಿ ವಕೀಲರಾಗಿ ಟ್ರಸ್ಟು, ಆಸ್ತಿ, ತೆರಿಗೆಯ ಕೇಸು ನಡೆಸಿದರು. ಯುದ್ಧಕಾಲದಲ್ಲಿ ಗುಪ್ತಚರ ಸಂಸ್ಥೆ ಎಂಐ-5ರಲ್ಲಿ ಕೆಲಸ ಮಾಡಿ, 1945ರಲ್ಲಿ ತತ್ವಶಾಸ್ತ್ರದ ಬೋಧಕರಾಗಿ ಆಕ್ಸ್‌ಫರ್ಡಿಗೆ ಮರಳಿದರು. 1952ರಲ್ಲಿ ನ್ಯಾಯಶಾಸ್ತ್ರದ ಪ್ರಾಧ್ಯಾಪಕ ಪೀಠ ಅವರಿಗೆ ಬಂತು. 1961ರಲ್ಲಿ ಹೊರಬಂದ ‘ದಿ ಕಾನ್ಸೆಪ್ಟ್ ಆಫ್ ಲಾ’ ಅವರು ಪದವಿ ವಿದ್ಯಾರ್ಥಿಗಳಿಗೆ ಮಾಡುತ್ತಿದ್ದ ಉಪನ್ಯಾಸಗಳಿಂದ ಬೆಳೆದ ಪುಸ್ತಕ. ಇಷ್ಟು ಕೇಳಿದ ಮೇಲೆ ತರಗತಿಯ ಮುಖಭಾವವೇ ಬದಲಾಗುತ್ತದೆ. ದಸ್ತಾವೇಜು ಓದಿ ಜೀವನ ಮಾಡಿದ ಒಬ್ಬ ವಕೀಲ ಪಾಠದ ಕೋಣೆಯಲ್ಲಿ ನಿಂತು ಯೋಚಿಸಿದ ವಿಷಯ ಇದು ಎಂದು ಅವರಿಗೆ ತಿಳಿಯುತ್ತದೆ.

ಆಮೇಲೆ ಉಯಿಲಿಗೆ ಬರುತ್ತೇನೆ. ಕಾನೂನೆಂದರೆ ಸಾರ್ವಭೌಮನ ಆಜ್ಞೆ, ಮೀರಿದರೆ ಶಿಕ್ಷೆ ಎಂದವರು ಹತ್ತೊಂಬತ್ತನೆಯ ಶತಮಾನದ ಜಾನ್ ಆಸ್ಟಿನ್. (ಹಾರ್ಟ್ ಅವರ ಸಹೋದ್ಯೋಗಿ, ತತ್ವಜ್ಞಾನಿ ಜೆ.ಎಲ್. ಆಸ್ಟಿನ್ ಬೇರೆ, ಪರೀಕ್ಷೆಯಲ್ಲಿ ಇಬ್ಬರನ್ನೂ ಒಬ್ಬರನ್ನಾಗಿ ಮಾಡುವವರು ಇರುವುದರಿಂದ ಮೊದಲೇ ಹೇಳಿಬಿಡುತ್ತೇನೆ.) ನಮ್ಮ ಉತ್ತರಾಧಿಕಾರ ಅಧಿನಿಯಮದ 63ನೇ ಕಲಮಿನ ಪ್ರಕಾರ ಸಾಮಾನ್ಯ ಉಯಿಲಿಗೆ ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ ಬೇಕು. ಒಬ್ಬರದೇ ಇದ್ದರೆ ಬರೆದವರಿಗೆ ಜೈಲೂ ಇಲ್ಲ, ದಂಡವೂ ಇಲ್ಲ. ಉಯಿಲು ನಿಲ್ಲುವುದಿಲ್ಲ, ಅಷ್ಟೇ. ಹಾಗಾದರೆ ಇಲ್ಲಿ ಆಜ್ಞೆ ಎಲ್ಲಿದೆ, ಶಿಕ್ಷೆ ಎಲ್ಲಿದೆ? ಜನರಿಗೆ ಅಧಿಕಾರ ಕೊಡುವ ನಿಯಮಗಳೂ ಕಾನೂನೇ ಎಂಬ ಹಾರ್ಟ್ ವಾದ ಇಷ್ಟರಲ್ಲಿ ಅರ್ಥವಾಗುತ್ತದೆ.

ಹೇಗೆ ನಡೆದುಕೊಳ್ಳಬೇಕು ಎನ್ನುವ ಪ್ರಾಥಮಿಕ ನಿಯಮಗಳು, ಆ ನಿಯಮಗಳ ಬಗೆಗಿನ ದ್ವಿತೀಯಕ ನಿಯಮಗಳು: ಈ ಭಾಗಕ್ಕೆ ಹೆಚ್ಚು ಸಮಯ ಕೊಡುತ್ತೇನೆ. ಮನೆಗೆ ಹೋಗಿ ಹಿರಿಯರ ಹತ್ತಿರ ಕೆರೆ ನೀರಿನ ವಿಚಾರ ಕೇಳಿಕೊಂಡು ಬನ್ನಿ ಎನ್ನುತ್ತೇನೆ. ನೀರುಗಂಟಿ ತೂಬು ಎತ್ತುತ್ತಿದ್ದ ಕಾಲ ನೆನಪಿರುವ ಅಜ್ಜಂದಿರು ಇನ್ನೂ ಇದ್ದಾರೆ. ಏರಿ ಒಡೆಯಬಾರದು, ಇನ್ನೊಬ್ಬರ ಸರದಿಯ ನೀರು ತಿರುಗಿಸಿಕೊಳ್ಳಬಾರದು: ಇವು ಪ್ರಾಥಮಿಕ ನಿಯಮಗಳು. ಇವಿಷ್ಟೇ ಇದ್ದರೆ ಸಾಲದು ಎನ್ನುತ್ತಾರೆ ಹಾರ್ಟ್. ಸರದಿ ಯಾವುದೆಂಬುದರಲ್ಲೇ ಅನುಮಾನ ಬಂದರೆ ಯಾರ ಮಾತು ಪ್ರಮಾಣ? ಮಳೆ ಕೈಕೊಟ್ಟ ವರ್ಷ ಅಚ್ಚುಕಟ್ಟಿನ ಅರ್ಧಕ್ಕೆ ಮಾತ್ರ ನೀರು ಎಂದು ಪದ್ಧತಿ ಬದಲಿಸುವವರು ಯಾರು? ಕದ್ದು ನೀರು ಬಿಟ್ಟುಕೊಂಡರೆಂದು ತೀರ್ಮಾನಿಸುವವರು ಯಾರು? ಗುರುತಿಸುವ, ಬದಲಿಸುವ, ತೀರ್ಪು ಕೊಡುವ ಮೂರು ದ್ವಿತೀಯಕ ನಿಯಮಗಳೂ ವಿದ್ಯಾರ್ಥಿಗಳು ತಂದ ಟಿಪ್ಪಣಿಗಳಲ್ಲೇ ಸಿಗುತ್ತವೆ. ಕೆಲವರ ಊರಿನಲ್ಲಿ ಎರಡನೆಯದಕ್ಕೆ ಉತ್ತರವೇ ಇರುವುದಿಲ್ಲ. ಅಂಥ ಟಿಪ್ಪಣಿಯೇ ನನಗೆ ಹೆಚ್ಚು ಇಷ್ಟ. ಬದಲಿಸುವ ದಾರಿ ಇಲ್ಲದ ವ್ಯವಸ್ಥೆ ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬುದನ್ನು ಅದು ತೋರಿಸುತ್ತದೆ.

ಹಾರ್ಟ್ ಹೇಳುವ, ನಿಯಮವನ್ನು ಒಳಗಿನಿಂದ ನೋಡುವುದು ಎಂದರೇನು ಎಂಬುದಕ್ಕೆ ಹಾಸನಾಂಬೆಯ ಬಾಗಿಲು ಸಾಕು. ಆಶ್ವಯುಜ ಹುಣ್ಣಿಮೆಯ ನಂತರದ ಮೊದಲ ಗುರುವಾರ ಗುಡಿ ತೆರೆಯುತ್ತದೆ, ಬಲಿಪಾಡ್ಯಮಿ ಕಳೆದ ಮೇಲೆ ಮುಚ್ಚುತ್ತದೆ. ಹೊರಗಿನವನೊಬ್ಬ ಹಲವು ವರ್ಷ ಲೆಕ್ಕವಿಟ್ಟು ಮುಂದಿನ ದಿನವನ್ನು ಸರಿಯಾಗಿ ಊಹಿಸಬಹುದು. ಆ ಗುರುವಾರ ಬಾಗಿಲು ತೆರೆಯದಿದ್ದರೆ ಅವನು ತನ್ನ ಊಹೆ ಸುಳ್ಳಾಯಿತು ಎನ್ನುತ್ತಾನೆ. ಊರಿನವರು ಹಾಗೆನ್ನುವುದಿಲ್ಲ, ತಪ್ಪಾಗಿದೆ, ಯಾರಾದರೂ ಉತ್ತರ ಹೇಳಬೇಕು ಎನ್ನುತ್ತಾರೆ. ರೂಢಿಗೂ ನಿಯಮಕ್ಕೂ ಇರುವ ಅಂತರ ಇದೇ.

ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಾಗಬಾರದು ಎಂದ ಇಂಗ್ಲೆಂಡಿನ 1957ರ ವುಲ್ಫೆಂಡನ್ ಸಮಿತಿಯ ವರದಿಯನ್ನು ಅಲ್ಲಿನ ನ್ಯಾಯಾಧೀಶ ಡೆವ್ಲಿನ್ ವಿರೋಧಿಸಿದಾಗ, ಬಹುಜನರಿಗೆ ಅಸಹ್ಯವೆನಿಸಿತು ಎಂಬುದಷ್ಟೇ ಶಿಕ್ಷೆಗೆ ಕಾರಣವಾಗದು ಎಂದು ಹಾರ್ಟ್ ವಾದಿಸಿದರು. ಅದರ ಜೊತೆಗೆ ಅಂಥ ಸಂಬಂಧವನ್ನು ಅಪರಾಧವಾಗಿಸಿದ್ದ ಭಾರತೀಯ ದಂಡ ಸಂಹಿತೆಯ 377ನೇ ಕಲಮಿನ ಬಗೆಗಿನ ನಮ್ಮ ಸರ್ವೋಚ್ಚ ನ್ಯಾಯಾಲಯದ 2018ರ ತೀರ್ಪನ್ನೂ ಓದಿಸುತ್ತೇನೆ. ತರಗತಿ ಮೊದಲು ಮುಜುಗರದಿಂದ ಮೌನವಾಗುತ್ತದೆ. ಆದರೂ ಈ ಪಾಠವನ್ನು ನಾನು ಬಿಡುವುದಿಲ್ಲ.

ಹಾರ್ಟ್ ಬಿಟ್ಟ ಪೀಠಕ್ಕೆ 1969ರಲ್ಲಿ ಬಂದವರು ಅವರ ಸಿದ್ಧಾಂತದ ಕಟು ವಿಮರ್ಶಕ ರೊನಾಲ್ಡ್ ಡ್ವರ್ಕಿನ್. ಹಾರ್ಟ್ 1992ರಲ್ಲಿ ತೀರಿಕೊಂಡರು. ಡ್ವರ್ಕಿನ್‌ಗೆ ಅವರು ಬರೆಯುತ್ತಿದ್ದ ಉತ್ತರ ಅಪೂರ್ಣವಾಗಿಯೇ 1994ರಲ್ಲಿ ಅಚ್ಚಾಯಿತು. ಹಾರ್ಟ್ ವಿರುದ್ಧ ಡ್ವರ್ಕಿನ್ ಎತ್ತಿಕೊಂಡದ್ದು ಅಜ್ಜನನ್ನು ಕೊಂದು ಆಸ್ತಿ ಕೇಳಿದ ಮೊಮ್ಮಗನ 1889ರ ನ್ಯೂಯಾರ್ಕ್ ಪ್ರಕರಣ. ಇಂಥದೇ ಪ್ರಶ್ನೆ ನಮ್ಮಲ್ಲೂ ಬಂದಿತ್ತು. ಕೆಂಚವ್ವ ವಿರುದ್ಧ ಗಿರಿಮಲ್ಲಪ್ಪ ಪ್ರಕರಣದಲ್ಲಿ ಆಗ ನಮ್ಮ ಕೊನೆಯ ಮೇಲ್ಮನವಿ ನ್ಯಾಯಾಲಯವಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ 1924ರಲ್ಲೇ, ಕೊಲೆಗಾರನಿಗೆ ಸತ್ತವರ ಆಸ್ತಿ ಸೇರದು, ಅವನ ಮೂಲಕ ಹಕ್ಕು ಕೇಳುವವರಿಗೂ ಸೇರದು ಎಂದಿತು. ಕೊಲೆಗಾರನಿಗೆ ಉತ್ತರಾಧಿಕಾರ ತಪ್ಪಿಸುವ, ಹಿಂದೂ ಉತ್ತರಾಧಿಕಾರ ಅಧಿನಿಯಮದ 25ನೇ ಕಲಮು ಬಂದದ್ದು 1956ರಲ್ಲಿ. ಹಾಗಿದ್ದರೆ 1924ರ ನ್ಯಾಯಾಧೀಶರು, ಡ್ವರ್ಕಿನ್ ಎನ್ನುವಂತೆ, ಇದ್ದ ಕಾನೂನನ್ನೇ ಹೇಳಿದರೇ, ಹೊಸದನ್ನು ಮಾಡಿದರೇ? ಮಾಡಿದರು ಎಂಬುದು ನನ್ನ ನಿಲುವು, ಹಾರ್ಟ್ ಅವರದೂ ಆ ಕಡೆಯೇ. ನ್ಯಾಯಾಧೀಶರು ಕಾನೂನು ಮಾಡುವ ಗಳಿಗೆ ಇದೆ ಎಂದು ಒಪ್ಪಿಕೊಂಡರೆ ಮಾತ್ರ ಅದಕ್ಕೆ ಕಾರಣ ಕೇಳಬಹುದು. ಆಗ ಹಿಂದಿನ ಬೆಂಚಿನಿಂದ ಯಾರಾದರೂ ಎದ್ದು, ‘ಸಾರ್, ಹಾಗಾದರೆ ಆ ಕೊಲೆಗಾರನಿಗೆ ಕೃತ್ಯ ನಡೆದ ಮೇಲೆ ಮಾಡಿದ ಕಾನೂನನ್ನು ಹೇರಿದಂತಾಯಿತಲ್ಲ?’ ಎನ್ನುತ್ತಾರೆ. ಡ್ವರ್ಕಿನ್ ಆಕ್ಷೇಪವೂ ಇದೇ. ಹಾಗೆ ಕೇಳಿದವರನ್ನು ಮುಂದಿನ ತರಗತಿಯಲ್ಲಿ ಬೋರ್ಡಿನ ಮುಂದೆ ನಿಲ್ಲಿಸಿ ಡ್ವರ್ಕಿನ್ ಪರ ವಾದ ಮಾಡಿಸುತ್ತೇನೆ. ಹಾರ್ಟ್ ಪರ ನಾನು ನಿಲ್ಲುತ್ತೇನೆ.